ಮಾತ್ರೋನಾಳ ಕುದುರೆ

ಹನ್ನೆರಡೂಕಾಲಕ್ಕೆ ಸರಿಯಾಗಿ ಬಾಗಿಲು ತೆರೆದು ಕಪ್ಪು ಬಟ್ಟೆಯ ಮೂವರು ಒಬ್ಬರ ಹಿಂದೊಬ್ಬರು ಒಳಗೆ ಬಂದಾಗ ಸಭಾಂಗಣವಿಡೀ ಎದ್ದು ನಿಂತಿತು. ಓಸ್ಮೋ ರಾತಿಕೈನೆನ್ ಕೂಡ ಎದ್ದ. ಏಳುವಾಗ ಅವನ ಎಡಮಂಡಿ ಲಟಕ್ಕೆಂದಿತು. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿದಳು. ಅವಳು ನೋಡಿದ್ದು ಮಂಡಿಯ ಸದ್ದಿಗೆ ಎಂದು ಗೊತ್ತಿದ್ದರೂ ಅವನ ಕಿವಿ ಬಿಸಿಯಾಯಿತು. ಎರಡು ವಾರದಿಂದ ಹೀಗೆಯೇ. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಯಾರಾದರೂ ಹಿಂದಿನಿಂದ ‘ಓಸ್ಮೋ’ ಎಂದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು. ಈ ಕರಿ ಸೂಟನ್ನು ಕೊನೆಯ ಸಲ ಹಾಕಿದ್ದು ಅಣ್ಣನ ಶವಸಂಸ್ಕಾರಕ್ಕೆ. ಆಗಲೇ ಸೊಂಟಕ್ಕೆ ಬಿಗಿಯಾಗಿತ್ತು. ಇವತ್ತು ಬೆಳಿಗ್ಗೆ ಹೆಂಡತಿ ಕೆರ್ಟು ಉಸಿರು ಹಿಡಿದುಕೋ ಎಂದು ಗದರಿ ಗುಂಡಿ ಹಾಕಿದ್ದಳು. ಹಿಡಿದ ಉಸಿರನ್ನು ಅವನು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಮೂವರಲ್ಲಿ ಮೊದಲು ಬಂದವಳು ಹೆಲ್ಕಾ ಪುರ್ಮೊನೆನ್. ಇವತ್ತು ಅವಳು ತನ್ನ ಮಹಾಪ್ರಬಂಧವನ್ನು ಊರವರೆಲ್ಲರ ಎದುರು ನಿಂತು ಸಮರ್ಥಿಸಿಕೊಳ್ಳಬೇಕು. ಅವಳ ಹಿಂದೆ ಸಭೆ ನಡೆಸುವ ಪ್ರೊಫೆಸರ್, ಅವರ ಹಿಂದೆ ಪ್ರಶ್ನೆ ಕೇಳಲೆಂದೇ ಎಸ್ಟೋನಿಯಾದಿಂದ ಬಂದ ಎದುರುವಾದಿ. ಆತ ಎತ್ತರದ ಕರಿಟೋಪಿಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಹಳದಿ ಚೀಟಿಗಳು ಹೊರಚಾಚಿದ್ದ ಪುಸ್ತಕವನ್ನಿಟ್ಟ. ಅದೇ ಪುಸ್ತಕದ ಇನ್ನೊಂದು ಪ್ರತಿ ಓಸ್ಮೋನ ಮನೆಯಲ್ಲಿ, ಕಾಲುಚೀಲದ ಡ್ರಾಯರಿನಲ್ಲಿ, ಉಣ್ಣೆಯ ಚೀಲಗಳ ಅಡಿಯಲ್ಲಿತ್ತು. ಹೆಲ್ಕಾಳೇ ಎರಡು ವಾರದ ಹಿಂದೆ ಅಂಚೆಯಲ್ಲಿ ಕಳಿಸಿದ್ದಳು. ‘ಪದಸಂಗ್ರಹದ ಚೀಟಿಗಳನ್ನು ಓದಲು ಕಲಿಸಿದ ಓಸ್ಮೋಗೆ’ ಎಂದು ಮೊದಲ ಪುಟದಲ್ಲಿ ಬರೆದಿದ್ದಳು. ಅವನು ಅಷ್ಟನ್ನೇ ಓದಿ ಮುಚ್ಚಿಟ್ಟಿದ್ದ. ಓದಿದೆಯಾ ಎಂದು ಕೆರ್ಟು ಕೇಳಿದಾಗ, ಓದಿದೆ, ಚೆನ್ನಾಗಿದೆ ಎಂದಿದ್ದ. ಸುಳ್ಳು ಹೇಳುವುದರಲ್ಲಿ ಪಳಗಿದವನಲ್ಲ ಅವನು. ಜೀವಮಾನದಲ್ಲಿ ಹೇಳಿದ್ದು ಒಂದೋ ಎರಡೋ. ಆದರೆ ಮೊದಲನೆಯದು ಮುದ್ರಣವಾಗಿ, ಬೈಂಡಾಗಿ ಲೈಬ್ರರಿಗಳಲ್ಲಿ ಕೂತಿತ್ತು.

ಎಲ್ಲರೂ ಕೂತರು. ಹೆಲ್ಕಾ ನಿಂತೇ ಮಾತು ಶುರುಮಾಡಿದಳು. ಮುನ್ನೂರ ಹನ್ನೆರಡು ಪುಟ, ಒಂದೇ ಪದದ ಮೇಲೆ. ಹಸುವಿನ ಹೆಸರಿನ ಮೇಲೆ. ಎರಡು ಸಾವಿರ ವರ್ಷದ ಹಿಂದೆ ಈ ಕಡಲ ದಂಡೆಯ ಜನ ಆಡುತ್ತಿದ್ದ ಭಾಷೆಯನ್ನು ಯಾರೂ ಬರೆದಿಡಲಿಲ್ಲ, ಯಾರ ಕಿವಿಯೂ ಈಗ ಅದನ್ನು ಕೇಳಿಲ್ಲ, ಅದಕ್ಕೇ ಆ ಭಾಷೆಯ ಒಂದೊಂದು ಪದದ ತಲೆಯ ಮೇಲೂ ನಾವು ಒಂದು ನಕ್ಷತ್ರದ ಗುರುತು ಇಡುತ್ತೇವೆ, ಇದು ಊಹೆ ಎಂದು ಒಪ್ಪಿಕೊಳ್ಳುವ ಗುರುತು ಎಂದಳು. ಲೆಹ್ಮಾ ಎಂಬ ಆ ಪದಕ್ಕೆ ಮಕ್ಕಳಿದ್ದರು. ನಮ್ಮಲ್ಲಿ ಲೆಹ್ಮಾ, ಕರೇಲಿಯಾದವರಲ್ಲಿ ಲೆಹ್ಮಾ, ದಕ್ಷಿಣದ ಎಸ್ಟೋನಿಯಾದವರಲ್ಲಿ, ಪೂರ್ವದ ವೆಪ್ಸ್ ಜನರಲ್ಲಿ ಬಾಲ ಕತ್ತರಿಸಿಕೊಂಡು ಲೆಹ್ಮ್. ಎಲ್ಲರ ಕೊಟ್ಟಿಗೆಯಲ್ಲೂ ಅದು ಹಸುವೇ. ಇನ್ನೂ ಹಿಂದಕ್ಕೆ ಹೋದರೆ ನಡುವಿನ ಹಕಾರ ಮೊದಲು ಶಕಾರವಾಗಿತ್ತು, ಲೆಶ್ಮಾ. ಅಲ್ಲಿಗೆ ಬಂದಾಗ ವೋಲ್ಗಾ ನದಿಯ ಕಡೆಯ ನಮ್ಮ ದೂರದ ದಾಯಾದಿಗಳು, ಮೊರ್ದ್ವಾ ಜನ, ಎದುರಾಗುತ್ತಾರೆ. ಅವರಲ್ಲೂ ಆ ಪದವಿದೆ, ಲಿಶ್ಮೆ. ಆದರೆ ಅವರ ಲಿಶ್ಮೆ ಹಾಲು ಕೊಡುವುದಿಲ್ಲ, ಬಂಡಿ ಎಳೆಯುತ್ತದೆ. ಅವರಲ್ಲಿ ಅದು ಕುದುರೆ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಹೆಲ್ಕಾ ಕೂಡ ನಕ್ಕಳು. ಕುದುರೆ ಹಸುವಾಯಿತೋ, ಹಸು ಕುದುರೆಯಾಯಿತೋ, ಇಲ್ಲ ಮನೆಯಲ್ಲಿ ಕಟ್ಟಿಕೊಂಡ ದೊಡ್ಡ ಪ್ರಾಣಿಗೆಲ್ಲ ಒಂದೇ ಹೆಸರಿತ್ತೋ, ಎರಡರ ನಡುವೆ ದಾಟಲು ಹಲಗೆಯೇ ಇಲ್ಲ ಎಂದಳು. ಓಸ್ಮೋ ತನ್ನ ಬೆರಳುಗಳನ್ನು ನೋಡಿಕೊಂಡ. ಹಲಗೆ ಇತ್ತು. ಅದನ್ನು ಹಾಕಿದ್ದು ಈ ಬೆರಳುಗಳೇ. ಪದಸಂಗ್ರಹದ ಲಕ್ಷಾಂತರ ಚೀಟಿಗಳಲ್ಲಿ ಒಂದೇ ಒಂದು ಚೀಟಿ, ಪೂರ್ವದ ಗಡಿಯ ತೆರ್ವವಾರಾ ಎಂಬ ಹಳ್ಳಿಯದು: ಮಾತ್ರೋನಾ ಎಂಬ ಮುದುಕಿ ತನ್ನ ಹೆಣ್ಣು ಕುದುರೆಯನ್ನು ಲೆಹ್ಮಾ ಎನ್ನುತ್ತಿದ್ದಳು ಎಂದು. ನಲವತ್ತೈದು ವರ್ಷದಿಂದ ಆ ಒಂದು ಚೀಟಿಯ ಮೇಲೆ ವಿದ್ವಾಂಸರು ನೆಮ್ಮದಿಯಾಗಿ ಆಚೀಚೆ ಓಡಾಡಿದ್ದರು. ಈಗ ಹೆಲ್ಕಾಳೂ ಅದರ ಮೇಲೆ ಕಾಲಿಟ್ಟಿರಬೇಕು.

ವಸ್ತುವನ್ನು ತೋರಿಸು, ಬಾಯಿ ಮುಚ್ಚಿಕೋ, ಮೂವತ್ತರವರೆಗೆ ಎಣಿಸು. ಪದ ಸಂಗ್ರಹಿಸಲು ಹಳ್ಳಿಗೆ ಹೋಗುವ ಪ್ರತಿಯೊಬ್ಬ ಹುಡುಗನಿಗೂ ಮೇಷ್ಟ್ರು ಹೇಳಿ ಕಳಿಸುತ್ತಿದ್ದುದು ಇಷ್ಟೇ. ಪದವನ್ನು ನೀನು ಹೇಳಬೇಡ, ಅವರ ಬಾಯಲ್ಲಿ ಇಡಬೇಡ. ಅವರು ಸಭ್ಯರು, ನೀನು ಇಟ್ಟಿದ್ದನ್ನೆಲ್ಲ ನುಂಗಿಬಿಡುತ್ತಾರೆ. ಆಗ ಓಸ್ಮೋಗೆ ಇಪ್ಪತ್ತನಾಲ್ಕು. ಮಾರ್ಚ್ ತಿಂಗಳ ಕೊಚ್ಚೆಹಿಮದಲ್ಲಿ ಹದಿಮೂರು ಕೇಜಿಯ ಟೇಪ್ ರೆಕಾರ್ಡರ್ ಹೊತ್ತು ಏಳು ಕಿಲೋಮೀಟರ್ ನಡೆದಿದ್ದ, ಬೂಟಿನೊಳಗೆ ನೀರು ಹೊಕ್ಕಿತ್ತು. ಒಲೆಯ ಪಕ್ಕ ಕೂತು, ಅನ್ನದ ಗಂಜಿ ತುಂಬಿದ ರೈ ಹಿಟ್ಟಿನ ಕಡುಬು ತಿನ್ನುತ್ತ, ಮಧ್ಯಾಹ್ನದವರೆಗೂ ಮಾತ್ರೋನಾ ಮತ್ತು ಅವಳ ತಂಗಿ ನಸ್ತಿಯ ಬಾಯಿಂದ ಒಂದೂ ಹೊಸ ಪದ ಹೊರಡದೆ ಒದ್ದಾಡಿದ್ದ. ಹೋದ ತಿಂಗಳು ಅವನ ಜೊತೆಯವನೊಬ್ಬ ಎಲ್ಲಿಂದಲೋ ಮೂರು ಅಪರೂಪದ ಪದ ತಂದು ಎಲ್ಲರ ಕೈಲಿ ಬೆನ್ನು ತಟ್ಟಿಸಿಕೊಂಡಿದ್ದ. ಕಿಟಕಿಯ ಆಚೆ, ಕೊಟ್ಟಿಗೆಯ ಗೋಡೆಗೆ ಮೈಯುಜ್ಜುತ್ತ ಒಂದು ಹೆಣ್ಣು ಕುದುರೆ ನಿಂತಿತ್ತು. ಓಸ್ಮೋ ಅದರ ಕಡೆ ಬೆರಳು ತೋರಿಸಿದ. ಎಣಿಸತೊಡಗಿದ. ಹನ್ನೊಂದಕ್ಕೆ ಅವನ ತಾಳ್ಮೆ ಮುಗಿಯಿತು.

“ಅದು ಲೆಹ್ಮಾ ಅಲ್ವಾ?” ಎಂದಿದ್ದ. ಮತ್ತೆ ಎಂದಿದ್ದ, “ಲೆಹ್ಮಾನೇ ತಾನೇ? ಆ ಅಲ್ಲಿ ನಿಂತಿರೋದು?”

ಮಾತ್ರೋನಾ ಕಡುಬಿನ ತಟ್ಟೆ ಹಿಡಿದವಳು ಹಾಗೇ ನಿಂತಳು. ಅವನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಮೂವತ್ತರವರೆಗೆ ಧಾರಾಳವಾಗಿ ಎಣಿಸಬಹುದಿತ್ತು. ಆಮೇಲೆ, “ಹೂಂ ಕಣಪ್ಪಾ. ಲೆಹ್ಮಾನೇ,” ಎಂದಳು.

ಆ ನೋಟ. ಮದುವೆಯ ದಿನ ಚರ್ಚಿನಲ್ಲಿ, ಮಗಳು ಹುಟ್ಟಿದ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ, ನಿವೃತ್ತಿಯ ದಿನ ಹೂಗುಚ್ಛ ಹಿಡಿದು ನಿಂತಾಗ, ಎಲ್ಲಿ ಯಾವಾಗ ಅವನು ಸ್ವಲ್ಪ ಖುಷಿಯಾಗಿದ್ದನೋ ಅಲ್ಲೆಲ್ಲ ಆ ಮುದುಕಿ ತಟ್ಟೆ ಹಿಡಿದು ನಿಂತು ಅವನನ್ನು ನೋಡಿದ್ದಳು. ಇವನು ಕಳ್ಳ, ನನ್ನ ಬಾಯಿಂದ ಏನೋ ಕದಿಯಲು ಬಂದಿದ್ದಾನೆ ಎಂದು ಅವಳಿಗೆ ಗೊತ್ತಾಗಿತ್ತು. ಆ ಬಗ್ಗೆ ಓಸ್ಮೋಗೆ ಎಂದೂ ಅನುಮಾನವಿರಲಿಲ್ಲ. ಅಷ್ಟಾದರೂ ಅಲ್ಲಿಗೇ ಬಿಡಬಹುದಿತ್ತು. ವಾಪಸು ಬರುವ ಬಸ್ಸಿನಲ್ಲಿ ಮೊಣಕಾಲ ಮೇಲೆ ಚೀಟಿ ಇಟ್ಟುಕೊಂಡು ಪದ ಬರೆದ. ಪದದ ಕೆಳಗೆ, ಹೇಳಿದವರ ಸ್ವಂತ ವಾಕ್ಯವೊಂದನ್ನು ಬರೆಯಲು ಗೆರೆ ಎಳೆದ ಖಾಲಿ ಜಾಗ ಇರುತ್ತದೆ. ಖಾಲಿ ಬಿಟ್ಟರೆ ಚೀಟಿಗೆ ಬೆಲೆಯಿಲ್ಲ. ಅವನು ಕಿಟಕಿಯಾಚೆ ನೋಡುತ್ತ, ಮುದುಕಿಯ ಮಾತಿನ ಎಳೆತವನ್ನು ನೆನಪಿಸಿಕೊಂಡು, ‘ನಾಳೆ ಲೆಹ್ಮಾನ ಜಾರುಬಂಡಿಗೆ ಕಟ್ಬೇಕು, ಚರ್ಚಿಗೆ ಹೋಗ್ಬೇಕು’ ಎಂದು ಬರೆದ. ಚೆಂದದ ವಾಕ್ಯ. ಅದರ ಮೇಲೆ ನಾಲ್ಕು ಪುಟದ ಲೇಖನ, ಲೇಖನದ ಮೇಲೆ ಪದಸಂಗ್ರಹದ ನೌಕರಿ, ನೌಕರಿಯ ಮೇಲೆ ಮನೆ, ದೋಣಿ, ಕೆರ್ಟು. ಮತ್ತೆ ಯಾವ ಲೇಖನವನ್ನೂ ಅವನು ಬರೆಯಲಿಲ್ಲ. ಮೂವತ್ತನಾಲ್ಕು ವರ್ಷ ಬೇರೆಯವರ ಚೀಟಿಗಳನ್ನು ಧೂಳು ಕೊಡವಿ ಅಕಾರಾದಿಯಾಗಿ ಜೋಡಿಸಿದ, ಬಂದ ಹುಡುಗ ಹುಡುಗಿಯರಿಗೆ ಓದಲು ಕಲಿಸಿದ. ಒಂದು ಸಲ ಆ ದಿನದ ಟೇಪಿನ ಸುರುಳಿಯನ್ನು ಕಪಾಟಿನಿಂದ ತೆಗೆದು ಕೋಟಿನ ಜೇಬಿನಲ್ಲಿಟ್ಟುಕೊಂಡು ಕಸದ ಡಬ್ಬದವರೆಗೆ ಹೋಗಿದ್ದ. ಮುಚ್ಚಳ ಎತ್ತಿದ್ದ. ಆಮೇಲೆ ಮುಚ್ಚಳ ಹಾಕಿ, ಸುರುಳಿಯನ್ನು ಅದರ ಜಾಗಕ್ಕೇ ಇಟ್ಟು, ಇಡೀ ಮಧ್ಯಾಹ್ನ ಕೈ ತೊಳೆದುಕೊಂಡಿದ್ದ. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊರಳಿಗೆ ಹಸುವಿನ ಗಂಟೆ ಕಟ್ಟಿದ ಮರದ ಕುದುರೆ ಕೊಟ್ಟಿದ್ದರು, ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಈಗ ಅದು ಪುಸ್ತಕದ ಕಪಾಟಿನ ಮೇಲಿದೆ. ಅವನು ಅದರ ಮುಖವನ್ನು ಗೋಡೆಗೆ ತಿರುಗಿಸಿಡುತ್ತಾನೆ. ಕೆರ್ಟು ಧೂಳು ಒರೆಸುವಾಗ ಮತ್ತೆ ಈ ಕಡೆ ತಿರುಗಿಸುತ್ತಾಳೆ.

“ಬೆವರ್ತಾ ಇದ್ದೀಯಲ್ಲೋ,” ಎಂದು ಕೆರ್ಟು ಪಿಸುಗುಟ್ಟಿದಳು. ಕೈಚೀಲದಿಂದ ಉಪ್ಪು ರುಚಿಯ ಪೆಪ್ಪರಮಿಂಟು ತೆಗೆದು ಅವನ ಅಂಗೈಯಲ್ಲಿಟ್ಟಳು. “ಪರೀಕ್ಷೆ ಅವಳಿಗೋ ನಿನಗೋ?”

“ಸೂಟು ಬಿಗಿ,” ಎಂದ ಓಸ್ಮೋ.

“ತಿಂದಿದ್ದು ನೀನು, ಬೈಸ್ಕೊಳ್ಳೋದು ಸೂಟು.”

ಎದುರುವಾದಿ ಒಂದೂವರೆ ಗಂಟೆಯಿಂದ ಪ್ರಶ್ನೆ ಕೇಳುತ್ತಿದ್ದ. ಸ್ವರಗಳ ಬಗ್ಗೆ, ವೆಪ್ಸ್ ಜನರ ಹಳೆಯ ದಾಖಲೆಗಳ ಬಗ್ಗೆ, ಇಪ್ಪತ್ತೆರಡನೇ ಪುಟದಲ್ಲಿ ಬಿಟ್ಟುಹೋದ ಒಂದು ಅಲ್ಪವಿರಾಮದ ಬಗ್ಗೆಯೂ. ಹೆಲ್ಕಾ ತಡವರಿಸದೆ ಉತ್ತರಿಸುತ್ತಿದ್ದಳು; ಒಮ್ಮೆ ಮಾತ್ರ ನೀರು ಕುಡಿದಳು. ಓಸ್ಮೋ ಹಳದಿ ಚೀಟಿಗಳನ್ನು ಎಣಿಸುತ್ತ ಕೂತಿದ್ದ. ನಾಲ್ಕನೇ ಅಧ್ಯಾಯ ಬಂತು. ಎದುರುವಾದಿ ಪುಟ ತಿರುಗಿಸಿ, ಕನ್ನಡಕ ಏರಿಸಿ, “ತೆರ್ವವಾರಾದ ಕುದುರೆ ವಿಚಾರದಲ್ಲಿ ನೀವು ತಗೊಂಡಿರೋ ನಿಲುವು ನನಗೆ ಪೂರ್ತಿ ಒಪ್ಪಿಗೆ. ಅದರ ಬಗ್ಗೆ ಹೆಚ್ಚು ಹೇಳೋದು ಬೇಡ. ಮುಂದಿನ ಪುಟ,” ಎಂದ. ಅರ್ಧ ನಿಮಿಷವೂ ಆಗಲಿಲ್ಲ. ಓಸ್ಮೋನ ಬಾಯಲ್ಲಿದ್ದ ಪೆಪ್ಪರಮಿಂಟು ಹಲ್ಲಿನ ನಡುವೆ ಪುಡಿಯಾಯಿತು. ಆಗಿಹೋಯಿತು, ಮೊಹರು ಬಿತ್ತು ಎಂದುಕೊಂಡ. ಈ ಸಂಜೆಯಿಂದ ಆ ಸುಳ್ಳು ಅವನೊಬ್ಬನದಲ್ಲ, ಅವಳದೂ ಹೌದು. ಇನ್ನು ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಯಾರಾದರೂ ಆ ಟೇಪು ಕೇಳಿದರೆ ಬೀಳುವುದು ಅವನಲ್ಲ, ಅವನು ಅಷ್ಟು ಹೊತ್ತಿಗೆ ಮಣ್ಣಲ್ಲಿರುತ್ತಾನೆ. ಬೀಳುವುದು ಅಲ್ಲಿ ಕಪ್ಪು ಬಟ್ಟೆಯಲ್ಲಿ ನಿಂತು ನಗುತ್ತಿರುವ ಹುಡುಗಿ. ಹೇಳಿದರೆ ಅವಳ ದಿನವನ್ನು ಅವಳ ಅಪ್ಪ ಅಮ್ಮನ ಎದುರಿಗೇ ಹಾಳು ಮಾಡಿದಂತೆ. ಹೇಳದಿದ್ದರೆ ಅವಳ ಮುಂದಿನ ದಿನಗಳನ್ನು. ಎರಡು ವಾರ ಈ ಎರಡನ್ನೂ ತೂಗಿ ತೂಗಿ ಅವನಿಗೆ ಸುಸ್ತಾಗಿತ್ತು. ಮೂರನೇ ಸಾಲಿನ ತುದಿಯ ಕುರ್ಚಿ ಆರಿಸಿಕೊಂಡಿದ್ದು ಕೂಡ, ಬೇಕಾದರೆ ಮೆಲ್ಲಗೆ ಜಾಗ ಖಾಲಿ ಮಾಡೋಣ ಎಂದೇ.

ಕೊನೆಗೆ ಎದುರುವಾದಿ ಎದ್ದು ಪ್ರಬಂಧ ಒಪ್ಪಿಗೆಯಾಗಬೇಕೆಂದು ಶಿಫಾರಸು ಮಾಡಿದ. ಹೆಲ್ಕಾ ಅವನಿಗೆ ವಂದಿಸಿದಳು. ಆಮೇಲೆ ಸಭೆಯ ಕಡೆ ತಿರುಗಿ, ಎಲ್ಲರೂ ಎಲ್ಲ ಕಾಲದಲ್ಲೂ ಹೇಳುತ್ತ ಬಂದ ಮಾತನ್ನು ಹೇಳಿದಳು: ಇಲ್ಲಿ ನೆರೆದವರಲ್ಲಿ ಯಾರಿಗಾದರೂ ಈ ಪ್ರಬಂಧದ ವಿರುದ್ಧ ಹೇಳುವುದಿದ್ದರೆ ದಯವಿಟ್ಟು ಎದ್ದು ಮಾತಾಡಲು ಅವಕಾಶ ಕೇಳಬೇಕು. ಯಾರೂ ಏಳುವುದಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಓಸ್ಮೋ ಇಂಥ ಅರವತ್ತು ಸಭೆಗಳಲ್ಲಿ ಕೂತಿದ್ದ. ಆ ಮಾತಾದ ಮೇಲೆ ಜನ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ, ಹೊರಗಿನಿಂದ ಕಾಫಿಯ ವಾಸನೆ ಬರುತ್ತದೆ. ಈಗಲೂ ಬಂತು. ಅವನು ಒಂದು, ಎರಡು ಎಂದು ಎಣಿಸತೊಡಗಿದ, ಯಾಕೆಂದು ತನಗೇ ತಿಳಿಯದೆ. ಹನ್ನೊಂದಕ್ಕೆ ಮಂಡಿ ಲಟಕ್ಕೆಂದಿತು. ಅವನು ನಿಂತಿದ್ದ.

“ಕೂತ್ಕೊಳೋ, ಇನ್ನೂ ಮುಗಿದಿಲ್ಲ,” ಎಂದು ಕೆರ್ಟು ಅವನ ಕೋಟು ಜಗ್ಗಿದಳು.

ಸಭೆ ನಡೆಸುತ್ತಿದ್ದ ಪ್ರೊಫೆಸರ್ ಗಾಬರಿಯಿಂದ ಹೆಲ್ಕಾಳ ಕಡೆ ನೋಡಿ, “ಹೇಳಿ, ಓಸ್ಮೋ ರಾತಿಕೈನೆನ್,” ಎಂದರು.

“ನಾನು ಪ್ರಬಂಧದ ವಿರುದ್ಧ ಅಲ್ಲ,” ಎಂದ ಓಸ್ಮೋ. “ನನ್ನ ವಿರುದ್ಧ. ತೆರ್ವವಾರಾದ ಚೀಟಿ ಇದೆಯಲ್ಲ, ಅದು ಸುಳ್ಳು. ಆ ಅಜ್ಜಿ ಕುದುರೆನ ಲೆಹ್ಮಾ ಅಂತ ಕರೀಲಿಲ್ಲ. ಆ ಪದ ಹೇಳಿದ್ದು ನಾನು. ಎರಡು ಸಲ ಹೇಳ್ದೆ. ಅವರು ಪಾಪ ಹೂಂ ಅಂದ್ರು, ಅಷ್ಟೆ. ಕೆಳಗೆ ಬರೆದಿರೋ ವಾಕ್ಯ ಬಸ್ಸಲ್ಲಿ ಕೂತು ನಾನೇ ಕಟ್ಟಿದ್ದು. ಹೆಲ್ಕಾದೇನೂ ತಪ್ಪಿಲ್ಲ. ಅವಳು ನನ್ನ ನಂಬಿದ್ಲು. ಇದನ್ನ ಮೊದ್ಲೇ ಹೇಳ್ಬೇಕಿತ್ತು, ಹೇಳಲಿಲ್ಲ. ಹೆದರ್ಕೊಂಡಿದ್ದೆ.”

ಇನ್ನೇನೋ ಹೇಳಬೇಕೆಂದಿದ್ದ, ಮರೆತುಹೋಯಿತು. ಹೆಲ್ಕಾ ಅವನನ್ನೇ ನೋಡುತ್ತಿದ್ದಳು. ಅವಳ ಕೆನ್ನೆ ಕೆಂಪಾಯಿತು, ಆಮೇಲೆ ಕುತ್ತಿಗೆ. ಅಳುತ್ತಾಳೆ ಎಂದುಕೊಂಡ. ಅವಳು ಅಳಲಿಲ್ಲ. ಮೇಜಿನ ಮೇಲಿನ ಪುಸ್ತಕ ತೆರೆದು ಪುಟ ಹುಡುಕಿದಳು.

“ಓಸ್ಮೋ,” ಎಂದಳು, “ನೀವು ಪುಸ್ತಕ ಓದಿಲ್ಲ.”

ಅವನು ಇಲ್ಲವೆಂದು ತಲೆಯಲ್ಲಾಡಿಸಿದ.

“ನೂರ ನಲವತ್ತೊಂದನೇ ಪುಟ, ಅಡಿಟಿಪ್ಪಣಿ,” ಎಂದು ಹೇಳಿ ಓದಿದಳು: “ತೆರ್ವವಾರಾದ ಚೀಟಿಯನ್ನು ಇಲ್ಲಿ ಪುರಾವೆಯಾಗಿ ಬಳಸಿಲ್ಲ. ಅಂದಿನ ಧ್ವನಿಮುದ್ರಣದಲ್ಲಿ ಪದವನ್ನು ಮೊದಲು ಹೇಳುವವರು ಸಂಗ್ರಾಹಕರು. ಹಸು ಮತ್ತು ಕುದುರೆಯ ನಡುವಿನ ದಾರಿ ಇನ್ನೂ ಸಿಕ್ಕಿಲ್ಲವೆಂದೇ ಈ ಲೇಖಕಿ ತಿಳಿಯುತ್ತಾಳೆ.” ಪುಸ್ತಕ ಮುಚ್ಚಿದಳು. “ಹಲಗೆ ಇಲ್ಲ ಅಂತ ಶುರುವಿನಲ್ಲೇ ಹೇಳಿದ್ನಲ್ಲ.”

ಎದುರುವಾದಿ ತನ್ನ ಪ್ರತಿಯನ್ನು ಎತ್ತಿ ಅದೇ ಪುಟ ತೋರಿಸಿದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಮೆಲ್ಲಗೆ. ಆಮೇಲೆ ಇನ್ನೊಬ್ಬರು, ಆಮೇಲೆ ಇಡೀ ಸಾಲು. ಚುಚ್ಚುವ ನಗುವಲ್ಲ, ಕಾಫಿಗೆ ಕಾದು ಕೂತ ಜನರ ನಗು. ಓಸ್ಮೋ ಕೂತ. ಕೂತ ರಭಸಕ್ಕೆ ಸೊಂಟದ ಗುಂಡಿ ಕಿತ್ತು ನೆಲದ ಮೇಲೆ ಉರುಳಿತು. ಬೆಳಿಗ್ಗೆಯಿಂದ ಹಿಡಿದ ಉಸಿರು ಹೊರಬಂತು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಮೇಲುಮೇಲಕ್ಕೆ, ಅಡಿಯಲ್ಲಿ ಅವನಿಗೆ ನಿದ್ದೆ ಬರುವಷ್ಟು ಹಾಯೆನಿಸುತ್ತಿತ್ತು.

“ನಲವತ್ತೈದು ವರ್ಷ,” ಎಂದಳು ಕೆರ್ಟು, ಬಗ್ಗಿ ಗುಂಡಿ ಎತ್ತಿಕೊಳ್ಳುತ್ತ. “ನಾನೇನೋ ನಿನಗೆ ಹೊಟ್ಟೆಹುಣ್ಣು ಅಂದ್ಕೊಂಡಿದ್ದೆ. ಓಟ್ಸ್ ಗಂಜಿ ಮಾಡಿ ಮಾಡಿ ಹಾಕ್ದೆ.”

ಹೊರಗೆ ಮೊಗಸಾಲೆಯಲ್ಲಿ ಕಾಫಿ, ಸ್ಟ್ರಾಬೆರಿ ಕೇಕು. ಜನ ಸಾಲುಗಟ್ಟಿ ಹೆಲ್ಕಾಳ ಕೈಕುಲುಕುತ್ತಿದ್ದರು. ಓಸ್ಮೋ ಕಿಟಕಿಯ ಬಳಿ, ಸಡಿಲವಾದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕಪ್ಪು ಹಿಡಿದು ನಿಂತಿದ್ದ. ಅವಳು ಸಾಲು ಬಿಟ್ಟು ಅವನ ಹತ್ತಿರ ಬಂದಳು.

“ಮೂರು ವರ್ಷದಿಂದ ಗೊತ್ತಿತ್ತು ನನಗೆ,” ಎಂದಳು. “ಹೇಳೋಣ ಅಂತ ಎರಡು ಸಲ ನಿಮ್ಮನೆಗೆ ಬಂದೆ. ಎರಡು ಸಲಾನೂ ನೀವು ದೋಣಿಗೆ ಬಣ್ಣ ಬಳಿಯೋ ವಿಷಯ ತೆಗೆದ್ರಿ. ಪುಸ್ತಕ ಕಳಿಸಿದ ಮೇಲೆ ನಿಮ್ಮಿಂದ ಫೋನೇ ಬರಲಿಲ್ಲ. ಓದಿ ಮನಸ್ಸು ಮುರ್ಕೊಂಡಿದ್ದಾರೆ ಅಂತ ನಾನು ಎರಡು ವಾರ ಸರಿಯಾಗಿ ಊಟ ಮಾಡಿಲ್ಲ.”

“ನಾನು ಓದ್ಲೇ ಇಲ್ಲ. ಕಾಲುಚೀಲದ ಅಡೀಲಿಟ್ಟಿದ್ದೆ.”

“ಅದಕ್ಕಾ ನಾನು ಆರು ವರ್ಷ ಕೂತು ಬರೆದಿದ್ದು?” ಎಂದು ಅವಳು ನಕ್ಕಳು. ಆಮೇಲೆ ಕೇಳಿದಳು, “ಆ ಟೇಪನ್ನ ಕೊನೇವರೆಗೂ ಕೇಳಿದ್ದೀರಾ ನೀವು?”

ಅವನು ಕೇಳಿರಲಿಲ್ಲ. ಎಂದೂ ಕೇಳಿರಲಿಲ್ಲ. ಮಾತ್ರೋನಾ ಹೂಂ ಎಂದ ಕೂಡಲೇ ಕುದುರೆಯ ಫೋಟೋ ತೆಗೆಯುತ್ತೇನೆಂದು ಕ್ಯಾಮೆರಾ ಹಿಡಿದು ಅಂಗಳಕ್ಕೆ ಓಡಿದ್ದ. ಯಂತ್ರ ನಿಲ್ಲಿಸುವುದನ್ನು ಮರೆತಿದ್ದ. ಸುರುಳಿ ಒಲೆಯ ಪಕ್ಕ ತಾನೇ ತಾನಾಗಿ ತಿರುಗುತ್ತಿತ್ತು. ಹೆಲ್ಕಾ ಕೈಚೀಲದಿಂದ ಫೋನು ತೆಗೆದು, ಇಯರ್‌ಫೋನಿನ ಒಂದು ತುದಿಯನ್ನು ಅವನ ಕಿವಿಗೆ, ಇನ್ನೊಂದನ್ನು ತನ್ನ ಕಿವಿಗೆ ಇಟ್ಟಳು. ಮೊದಲು ಬರೀ ಸರಸರ. ಬಾಗಿಲು ಹಾಕಿದ ಸದ್ದು. ಒಲೆಯೊಳಗೆ ಕಟ್ಟಿಗೆ ಚಟಪಟ. ನಲವತ್ತೈದು ವರ್ಷದ ಹಿಂದಿನ ಬೆಂಕಿ. ಆಮೇಲೆ ನಸ್ತಿಯ ದನಿ.

“ಅಯ್ಯೋ ಮಾತ್ರೋ, ನಮ್ಮ ಕುದ್ರೆ ಲೀನುನ ಲೆಹ್ಮಾ ಅಂದ್ನಲ್ಲೇ. ನೀನೂ ಹೂಂ ಅಂದ್ಬಿಟ್ಟೆ.”

“ಇನ್ನೇನ್ ಅನ್ಲಿ,” ಎಂದಳು ಮಾತ್ರೋನಾ. ಅವಳ ದನಿ ಅವನು ನೆನಪಿಟ್ಟುಕೊಂಡಿದ್ದಕ್ಕಿಂತ ಮೆತ್ತಗಿತ್ತು. “ಪ್ಯಾಟೆ ಕೂಸು. ಕುದ್ರೆ ಯಾವ್ದು ಹಸ ಯಾವ್ದು ಗೊತ್ತಿಲ್ಲ ಪಾಪಕ್ಕೆ. ಅಷ್ಟು ದೂರ ಅಷ್ಟು ಭಾರ ಹೊತ್ಕೊಂಡ್ ಬಂದವ್ನೆ, ಕಾಲ್ಚೀಲೆಲ್ಲ ಒದ್ದೆ. ಅಲ್ಲಪ್ಪಾ ಅದು ಕುದ್ರೆ ಅಂತ ಹೇಳಿ ಅವನ್ನ ನಾಚ್ಕೆ ಪಡಿಸ್ಲಾ? ಎಲ್ಲೋ ಒಬ್ಳು ತಾಯಿ ಇರ್ತಾಳಲ್ಲ ಅವ್ನಿಗೂ.”

“ನಾಳೆ ಹಾಲ್ ಕರೀತೀನಿ ಅಂತ ಬಂದ್ರೆ?”

“ಬಕೆಟ್ ಕೊಡಾಣ ಬಿಡು.”

ಇಬ್ಬರು ಮುದುಕಿಯರು ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಂತೆ, ಬಹಳ ಹೊತ್ತು. ಆಮೇಲೆ ಬಾಗಿಲು ತೆರೆದ ಸದ್ದು, ಒದ್ದೆ ಬೂಟಿನ ಸದ್ದು. ನಗು ಥಟ್ಟನೆ ನಿಂತಿತು. “ಬಾ ಮಗಾ,” ಎಂದಳು ಮಾತ್ರೋನಾ. “ಒಲೆ ಹತ್ರ ಕೂತ್ಕೋ. ಇನ್ನೊಂದ್ ಕಡುಬು ತಿನ್ನು.” ಬೇಡಮ್ಮ, ಸಾಕು ಎಂದು ಯಾರೋ ಹುಡುಗ ಹೇಳಿದ. “ತಿನ್ನು,” ಎಂದಳು ಅವಳು, ಅಲ್ಲಿಗೆ ಸುರುಳಿ ಮುಗಿಯಿತು.

ಓಸ್ಮೋ ಇನ್ನೊಂದು ಸಲ ಹಾಕು ಎಂದ. ಅವಳು ಹಾಕಿದಳು. ಎರಡನೇ ಸಲ ಕೇಳುವಾಗ ತಟ್ಟೆ ಹಿಡಿದು ನಿಂತ ಮುದುಕಿಯನ್ನು ಅವನು ಮತ್ತೆ ನೋಡಿದ, ಮೊದಲ ಸಲ ಸರಿಯಾಗಿ ನೋಡಿದ. ಅವಳು ಕಳ್ಳನನ್ನು ನೋಡುತ್ತಿರಲಿಲ್ಲ. ಒದ್ದೆ ಕಾಲುಚೀಲದ ಒಬ್ಬ ಪೆದ್ದನನ್ನು ನೋಯಿಸದೆ ಇರುವುದು ಹೇಗೆ ಎಂದು ನೋಡುತ್ತಿದ್ದಳು. ಅವನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಎರಡೂ ಕೈ ಖಾಲಿಯಿರಲಿಲ್ಲ.

ಕೆರ್ಟು ಕೇಕಿನ ತಟ್ಟೆ ಹಿಡಿದು ಬಂದಳು. ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. “ಏನಂತೆ? ಟೇಪಲ್ಲಿ ಏನ್ ಹೇಳ್ತಾಳೆ ಆ ಅಜ್ಜಿ?”

“ನನಗೆ ಕುದುರೆ ಯಾವ್ದು ಹಸು ಯಾವ್ದು ಗೊತ್ತಿಲ್ವಂತೆ,” ಎಂದ ಓಸ್ಮೋ.

“ಅದನ್ನ ನನ್ನಪ್ಪನ ಎದುರು ಹೇಳಿದ್ರೆ ನಿನಗೆ ಹೆಣ್ಣೇ ಕೊಡ್ತಿರಲಿಲ್ಲ,” ಎಂದು ಕೆರ್ಟು ತಟ್ಟೆ ಮುಂದೆ ಚಾಚಿದಳು. “ತಿನ್ನು. ಗುಂಡಿ ಹೆಂಗೂ ಹೋಯ್ತು.”

ಅವನು ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವಳ ತಟ್ಟೆಯಿಂದ ಕೇಕು ತೆಗೆದುಕೊಂಡು ತಿಂದ.